ಚಾರ್ಟಿನಲ್ಲಿ 20, ಬಾಯಲ್ಲಿ 28

ಈ ವಾರ ಬಂದ ಪತ್ರಗಳಲ್ಲಿ ಒಂದನ್ನು ಮೂರು ಸಲ ಓದಿದೆ. ಬರೆದವರು 26 ವರ್ಷದ ನರ್ಸ್. ಊರು, ಹೆಸರು ಹಾಕಬೇಡಿ ಎಂದಿದ್ದಾರೆ.

ತಂಗಿ, ನೀವು ಹೇಳಿದ್ದು ಇಷ್ಟು. ಸರ್ಜಿಕಲ್ ವಾರ್ಡಿನಲ್ಲಿ ನೈಟ್ ಡ್ಯೂಟಿ. ಪಿತ್ತಕೋಶದ ಆಪರೇಷನ್ ಆಗಿ ಎರಡು ದಿನವಾಗಿದ್ದ ಹಿರಿಯರೊಬ್ಬರು ಬೆಳಗಿನ ಜಾವ ಯಾಕೋ ಸರಿಯಿಲ್ಲ ಅನ್ನಿಸಿದರು. ರೌಂಡ್ಸ್ ಬಂದಾಗ "ಸಾರ್, ಇವರಿಗೆ ಉಸಿರು ಜಾಸ್ತಿ ಇದೆ" ಎಂದಿರಿ. ಸರ್ಜನ್ "ಡಾಕ್ಟರ್ ನೀನೋ, ನಾನೋ?" ಎಂದು ಎಲ್ಲರೆದುರು ಕೇಳಿ ಮುಂದಿನ ಬೆಡ್‌ಗೆ ಹೋದರು. ಮಧ್ಯಾಹ್ನದೊಳಗೆ ಆ ಹಿರಿಯರನ್ನು ಐಸಿಯುಗೆ ಒಯ್ಯಬೇಕಾಯಿತು. ಈಗ ಹುಷಾರಾಗಿ ವಾರ್ಡಿಗೆ ವಾಪಸಾಗಿದ್ದಾರೆ. ನಿಮ್ಮ ಕಿವಿಯಿಂದ ಮಾತ್ರ ಆ ಮಾತು ಹೋಗಿಲ್ಲ. ಕೆಲಸ ಬಿಡಲೇ ಎಂದು ಕೇಳಿದ್ದೀರಿ.

ಆ ಡಾಕ್ಟರ್ ಆಡಿದ್ದು ತಪ್ಪು. ಅದರಲ್ಲಿ ಎರಡು ಮಾತಿಲ್ಲ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ನೀವು ನಾಲ್ಕನೇ ಪುಟದಲ್ಲಿ ಬರೆದ ಒಂದು ಸಾಲು. "ರಾತ್ರಿ ಎರಡಕ್ಕೇ ಎಲ್ಲ ಬೆಡ್‌ಗಳಿಗೂ ಉಸಿರು 20 ಎಂದು ತುಂಬಿಟ್ಟಿದ್ದೆ. ಐದೂವರೆಗೆ ಎಣಿಸಿದಾಗ 28 ಇತ್ತು. ಚಾರ್ಟ್ ತಿದ್ದಿದರೆ ಇನ್‌ಚಾರ್ಜ್ ಸಿಸ್ಟರ್ ಬೈತಾರೆ ಅಂತ ಹಾಗೇ ಬಿಟ್ಟೆ."

ಆ ಸಾಲನ್ನು ಇನ್ನೊಮ್ಮೆ ಓದಿಕೊಳ್ಳಿ. ರೌಂಡ್ಸಿನಲ್ಲಿ ಸರ್ಜನ್ ಕೈಯಲ್ಲಿದ್ದ ಫೈಲಿನಲ್ಲಿ ಉಸಿರು ನಿಮಿಷಕ್ಕೆ 20 ಎಂದಿತ್ತು, ಅದೂ ನಿಮ್ಮ ಅಕ್ಷರದಲ್ಲೇ. ನಿಮ್ಮ ಮಾತಿಗೆ ನಿಮ್ಮ ಬರಹವೇ ಎದುರು ಸಾಕ್ಷಿಯಾಗಿ ನಿಂತಿತ್ತು.

ಬೈಯಲು ಇದನ್ನು ಹೇಳುತ್ತಿಲ್ಲ. ನನ್ನ ಸಿಟ್ಟೆಲ್ಲ ನಿಮ್ಮ ಇನ್‌ಚಾರ್ಜ್ ಮೇಲೆ. ಎಣಿಸದೆ 20 ಎಂದು ಬರೆಯುವುದು ನಿಮಗೆ ಹುಟ್ಟಿನಿಂದ ಬಂದದ್ದಲ್ಲ, ವಾರ್ಡಿನಲ್ಲಿ ಕಲಿತದ್ದು. 30 ರೋಗಿಗಳಿಗೆ ಇಬ್ಬರೇ ನರ್ಸ್ ಇದ್ದರೂ ಚಾರ್ಟು ಮಾತ್ರ ಖಾಲಿ ಇರಬಾರದು ಎಂದು ಕಲಿಸಿದವರು ಅವರೇ. ಅವತ್ತು ನಿಮ್ಮ ಪಕ್ಕದಲ್ಲೇ ನಿಂತಿದ್ದರಲ್ಲ, "ಸಾರ್, ಒಂದು ಸಲ ನೋಡಿಬಿಡಿ" ಎನ್ನಬಹುದಿತ್ತು. ಅದರ ಬದಲು ಆಮೇಲೆ ಕರೆದು "ಫೈಲ್ ಹಿಡ್ಕೊಂಡು ನಿಂತ್ಕೋ, ಸಾಕು" ಎಂದರು. ಡಾಕ್ಟರ್ ಒಂದು ದಿನ ಬಾಯಿ ಮುಚ್ಚಿಸಿದರು. ಇವರು ದಿನಾ ಮುಚ್ಚಿಸುತ್ತಾರೆ.

ಬಿಪಿ, ನಾಡಿ, ಆಮ್ಲಜನಕ ಎಲ್ಲವನ್ನೂ ಮಷೀನ್ ತೋರಿಸುತ್ತದೆ. ಸಾಮಾನ್ಯ ವಾರ್ಡಿನಲ್ಲಿ ಉಸಿರನ್ನು ಮಾತ್ರ ಕಣ್ಣಲ್ಲಿ ನೋಡಿ ಎಣಿಸಬೇಕು. ಹಾಗಾಗಿಯೇ ಅದನ್ನು ಎಲ್ಲರೂ ಬಿಡುತ್ತಾರೆ. ಆದರೆ ರೋಗಿ ಕುಸಿಯುವ ಮುಂಚೆ ಎಷ್ಟೋ ಸಲ ಮೊದಲು ಬದಲಾಗುವುದೇ ಉಸಿರು. ದೇಹ ಜೋರಾಗಿ ಉಸಿರೆಳೆದು ಹೇಗೋ ಸರಿದೂಗಿಸುತ್ತಿರುತ್ತದೆ, ಬೆರಳಿನ ಮಷೀನು ಆಮ್ಲಜನಕ ಇನ್ನೂ 96 ಎಂದೇ ತೋರಿಸುತ್ತಿರುತ್ತದೆ. ಆರಾಮವಾಗಿ ಮಲಗಿದ ದೊಡ್ಡವರಿಗೆ ನಿಮಿಷಕ್ಕೆ 12ರಿಂದ 20 ಉಸಿರು ಸಹಜ. ಬ್ರಿಟನ್ನಿನ ವೈದ್ಯರ ರಾಯಲ್ ಕಾಲೇಜು 2012ರಲ್ಲಿ ತಂದ ಎಚ್ಚರಿಕೆ ಚಾರ್ಟಿನಲ್ಲಿ ಉಸಿರು 25 ಮುಟ್ಟಿದರೆ ಅದೊಂದಕ್ಕೇ ಅಪಾಯದ 3 ಅಂಕ. ಬೇರೆಲ್ಲ ಸರಿಯಿದ್ದರೂ ರೋಗಿಯನ್ನು ತುರ್ತಾಗಿ ನೋಡಲೇಬೇಕು. ನಿಮ್ಮ ರೋಗಿಗೆ 28 ಇತ್ತು. ಅಷ್ಟಿದ್ದಾಗ ರೌಂಡ್ಸಿಗೆ ಕಾಯುವುದಲ್ಲ, ಐದೂವರೆಗೇ ಡ್ಯೂಟಿ ಡಾಕ್ಟರಿಗೆ ಫೋನ್ ಮಾಡಬೇಕಿತ್ತು.

ಹೆದರಿದ್ದು ನೀವೊಬ್ಬರೇ ಅಲ್ಲ. 2005ರಲ್ಲಿ ಇಂಗ್ಲೆಂಡಿನಲ್ಲಿ ಮಾರ್ಟಿನ್ ಬ್ರೋಮಿಲಿ ಎಂಬ ಪೈಲಟ್‌ನ ಹೆಂಡತಿಗೆ ಸಣ್ಣ ಆಪರೇಷನ್‌ಗೆಂದು ಅರಿವಳಿಕೆ ಕೊಟ್ಟಾಗ ಉಸಿರಿನ ದಾರಿ ಕಟ್ಟಿತು. ಒಬ್ಬ ನರ್ಸ್ ಕುತ್ತಿಗೆಯಲ್ಲಿ ದಾರಿ ಮಾಡುವ ಸಲಕರಣೆ ತಂದು, ಇದು ಇಲ್ಲಿದೆ ಎಂದು ಹೇಳಿದರು. ಇನ್ನೊಬ್ಬರು ಐಸಿಯು ಬೆಡ್‌ಗೆ ಹೇಳಿಟ್ಟರು, ಆದರೆ ಡಾಕ್ಟರುಗಳು ನೋಡಿದ ನೋಟಕ್ಕೆ ಅಳುಕಿ ಅದನ್ನು ರದ್ದು ಮಾಡಿದರು. ಆಕೆ ಬದುಕಲಿಲ್ಲ. ಅಲ್ಲಿ ದಾರಿ ಹೊಳೆದದ್ದು ನರ್ಸ್‌ಗಳಿಗೆ. ಅದನ್ನು ಗಟ್ಟಿಯಾಗಿ ಹಿಡಿದು ನಿಲ್ಲಲು ಅವರಿಗೆ ಆಗಲಿಲ್ಲ.

ಬಾಯಿಮಾತಿಗಿಂತ ಬರೆದಿಟ್ಟದ್ದು ಗಟ್ಟಿ ಎಂದು ಈ ಅಂಕಣದಲ್ಲಿ ಸೊಸೆಯಂದಿರಿಗೂ ಹೇಳಿದ್ದೇನೆ, ಬಾಡಿಗೆದಾರರಿಗೂ ಹೇಳಿದ್ದೇನೆ. ನಿಮಗೂ ಅದನ್ನೇ ಹೇಳುತ್ತೇನೆ.

ಹಳೆಯ 20ನ್ನು ಈಗ ಹೋಗಿ ತಿದ್ದಬೇಡಿ. ಎಣಿಸದೆ ಬರೆದಿದ್ದೆ ಎಂದು ಇನ್‌ಚಾರ್ಜ್ ಮುಂದೆ ಒಪ್ಪಿಕೊಳ್ಳಿ, ಬೈದರೆ ಬೈಯಲಿ. ನಾಳೆಯಿಂದ ಒಂದೇ ಕೆಲಸ. ಗಡಿಯಾರ ನೋಡುತ್ತಾ ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. ಆ ಕ್ಷಣವೇ, ಟೈಮ್ ಹಾಕಿ ಬರೆಯಿರಿ. ರೌಂಡ್ಸಿನಲ್ಲಿ "ಜಾಸ್ತಿ ಇದೆ", "ಯಾಕೋ ಅನ್ನಿಸ್ತಿದೆ" ಎನ್ನಬೇಡಿ. "ಸಾರ್, ಐದೂವರೆಗೆ ಉಸಿರು 28. ನಾನೇ ಎಣಿಸಿದ್ದು. ನೀವು ಈಗಲೇ ನೋಡಬೇಕು" ಎನ್ನಿ. "ಡಾಕ್ಟರ್ ಯಾರು" ಎಂಬ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ.

ಕೆಲಸ ಬಿಡುವ ಮಾತು ಈಗ ಬೇಡ. ಮೂರು ತಿಂಗಳು ಹೀಗೆ ಮಾಡಿ, ಆಮೇಲೆ ನನಗೆ ಬರೆಯಿರಿ.

ಇನ್ನೊಂದು ವಿಷಯ. ನೀವು ಐದೂವರೆಗೆ ಎಣಿಸಿದ್ದಾದರೂ ಯಾಕೆ? ಆ ಹಿರಿಯರ ಹೆಂಡತಿ ಬಂದು "ಇವರು ಯಾಕೋ ಏದುಸಿರು ಬಿಡ್ತಾ ಇದಾರೆ ಕಣಮ್ಮ" ಎಂದು ನಿಮ್ಮನ್ನು ಎಬ್ಬಿಸಿಕೊಂಡು ಹೋದದ್ದಕ್ಕೆ ಅಲ್ವಾ? ಅವರು ಇನ್ನೂ ಆ ಬೆಡ್ ಪಕ್ಕದಲ್ಲೇ ಇದ್ದಾರೆ. ಇವತ್ತು ಡ್ಯೂಟಿಗೆ ಹೋದ ತಕ್ಷಣ ಅವರ ಹತ್ತಿರ ಹೋಗಿ, ನೀವು ಹೇಳಿದ್ದೇ ಸರಿ ಇತ್ತಮ್ಮ ಎಂದು ಹೇಳಿ ಬನ್ನಿ.