ತಾಳ ತಪ್ಪಿದ್ದನ್ನೂ ಕಳಿಸಬಹುದಾ? ಓದುಗರ ಪ್ರಶ್ನೆ, ಮಾಷ್ಟ್ರ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಮೇಲೆ. ಮನೆಯಲ್ಲಿ ಅಭ್ಯಾಸ ಮಾಡುವಾಗ ಫೋನಿನಲ್ಲಿ ರೆಕಾರ್ಡ್ ಮಾಡಿದ್ದನ್ನು, ಅರ್ಧಕ್ಕೆ ನಿಂತ ಹಾಡನ್ನು ಬೇರೆಯವರಿಗೆ ಕೇಳಿಸಬಹುದಾ, ಬೇಡವಾ? ಹಾಗಾಗಿ ಇವನ್ನೇ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಮೃದಂಗದ ಚೀಲ ಎಲ್ಲಿ ಹೊಲಿಸುವುದು ಅಂತ ಕೇಳಿದವರು ಮುಂದಿನ ಸಂಚಿಕೆಯವರೆಗೆ ಸ್ವಲ್ಪ ತಡೆದುಕೊಳ್ಳಿ.

ಪ್ರಶ್ನೆ: ನಮಸ್ತೆ ಮಾಷ್ಟ್ರೇ. ನಾನು ಉಡುಪಿಯಲ್ಲಿ ಪಿಟೀಲು ಕಲಿಯುತ್ತಿದ್ದೇನೆ. ಈಗ ಮೋಹನ ರಾಗದ ವರ್ಣ ನಡೆಯುತ್ತಾ ಉಂಟು. ದಿನಾ ಅಭ್ಯಾಸವನ್ನು ರೆಕಾರ್ಡ್ ಮಾಡಿಕೊಳ್ಳುತ್ತೇನೆ. ಗೆಳತಿ ಇನ್‌ಸ್ಟಾಗ್ರಾಮಿಗೆ ಹಾಕು, ಈಗ ಎಲ್ಲರೂ ಹಾಕ್ತಾರೆ ಅನ್ನುತ್ತಾಳೆ. ಮನೆಯಲ್ಲಿ ಅಜ್ಜ, "ಕಲಿತು ಮುಗಿಯುವ ಮೊದಲೇ ಊರಿಗೆಲ್ಲ ಕೇಳಿಸುವುದು ಎಂತಕ್ಕೆ?" ಅಂತ ಕೇಳುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ಅಜ್ಜನ ಮಾತಿನಲ್ಲಿ ಅರ್ಥ ಉಂಟು. ಆದರೆ ನಮ್ಮಲ್ಲಿ ಅಭ್ಯಾಸ ಯಾವತ್ತೂ ಗುಟ್ಟಾಗಿ ನಡೆದದ್ದಲ್ಲ, ಅದನ್ನು ಅವರಿಗೂ ನೆನಪಿಸಿ. ರಥಬೀದಿಯ ಸುತ್ತಿನ ಹಂಚಿನ ಮನೆಗಳಲ್ಲಿ ಒಬ್ಬರು ಬೆಳಿಗ್ಗೆ ಜಂಟಿ ವರಸೆ ಶುರು ಮಾಡಿದರೆ ಆಚೀಚೆ ಮನೆಯವರಿಗೆಲ್ಲ ಕೇಳಬೇಕು. ಯಾರ ಮಗಳು ಇನ್ನೂ ಅಲಂಕಾರದಲ್ಲಿದ್ದಾಳೆ, ಯಾರ ಮಗ ಗೀತೆಗೆ ಬಂದ ಅಂತ ಬೀದಿಗೇ ಗೊತ್ತಿರುತ್ತಿತ್ತು. ಆದರೆ ಆಗ ಕೇಳಿದ್ದು ಅಲ್ಲಿಗೇ ಮುಗಿಯುತ್ತಿತ್ತು. ಈಗ ಉಳಿಯುತ್ತದೆ. ನೀವು ಮುಂದೆ ಕಛೇರಿಗೆ ಕೂತಾಗಲೂ ಯಾರಾದರೂ ಹುಡುಕಿ ತೆಗೆಯಬಹುದು. ನನ್ನ ಮಟ್ಟಿಗೆ ಅದೇನೂ ದೊಡ್ಡ ಅವಮಾನ ಅಲ್ಲ. ಆದರೆ ಗೊತ್ತಿದ್ದೇ ಹಾಕಬೇಕು.

ನಿಮ್ಮ ಗೆಳತಿ ಹೇಳುವುದು ಬಹುಶಃ ಹಿಲರಿ ಹಾನ್ ಶುರು ಮಾಡಿದ ಕ್ರಮವನ್ನು. ಅಮೆರಿಕದ ಪಿಟೀಲು ಕಲಾವಿದೆ. 2017ರಲ್ಲಿ ಅವರು ನೂರು ದಿನದ ಅಭ್ಯಾಸದ ತುಣುಕುಗಳನ್ನು ಇನ್‌ಸ್ಟಾಗ್ರಾಮಿಗೆ ಹಾಕಿದರು. ಅದೇ ಸಾಲು, ನಿಧಾನಕ್ಕೆ, ತಿರುಗಿ ತಿರುಗಿ. ಅದನ್ನು ನೋಡಿ ಎಷ್ಟೋ ದೇಶದ ಕಲಿಯುವವರು ತಾವೂ ನೂರು ದಿನ ಹಾಕತೊಡಗಿದರು. ಇಷ್ಟು ದೊಡ್ಡವರೂ ನಮ್ಮ ಹಾಗೇ ಒಂದು ಸಾಲಿಗೆ ಒದ್ದಾಡ್ತಾರೆ ಅಂತ ಗೊತ್ತಾದರೆ ಯಾರಿಗಾದರೂ ಧೈರ್ಯ ಬರುತ್ತದೆ, ಅಲ್ವಾ? ಆದರೆ ಆ ಹೊತ್ತಿಗೆ ಅವರ ಕೈಯಲ್ಲಿ ಮೂರು ಗ್ರ್ಯಾಮಿ ಪ್ರಶಸ್ತಿ ಇತ್ತು. ಅವರು ತಪ್ಪಿದರೆ ಜನ ಪ್ರೀತಿಯಿಂದ ನೋಡ್ತಾರೆ. ನೀವು ತಪ್ಪಿದರೆ ಸುಮ್ನೆ ದಾಟಿಕೊಂಡು ಹೋಗ್ತಾರೆ, ಇಲ್ಲದಿದ್ದರೆ ನೋಡದೆಯೇ "ಸೂಪರ್" ಅಂತ ಬರೆದು ಕೈಮುಗಿಯುವ ಚಿತ್ರ ಹಾಕ್ತಾರೆ. ಎರಡರಿಂದಲೂ ವರ್ಣ ಸುಧಾರಿಸುವುದಿಲ್ಲ.

ಹಾಗಾಗಿ ನಾನು ಹೇಳುವುದು ಇಷ್ಟು. ಹಸಿ ರೆಕಾರ್ಡಿಂಗ್ ಕಳಿಸಿ, ಆದರೆ ಅದರೊಟ್ಟಿಗೆ ಒಂದು ಪ್ರಶ್ನೆಯೂ ಹೋಗಲಿ. ಆ ಪ್ರಶ್ನೆಗೆ ಉತ್ತರ ಗೊತ್ತಿರುವ ಒಬ್ಬಿಬ್ಬರಿಗೆ ಮಾತ್ರ ಹೋಗಲಿ. "ಹೇಗೆ ಬಂದಿದೆ ಹೇಳಿ" ಅಂದರೆ ಎಲ್ಲರೂ ಚೆನ್ನಾಗಿದೆ ಅನ್ನುತ್ತಾರೆ, ಬೇರೆ ಎಂತ ಹೇಳುವುದು ಪಾಪ! "ಮುಕ್ತಾಯಿ ಸ್ವರದ ಎರಡನೇ ಕಾಲದಲ್ಲಿ ನನ್ನ ಗಾಂಧಾರ ಇಳಿಯುತ್ತದಾ?" ಅಂತ ಕೇಳಿ ನೋಡಿ. (ಮುಕ್ತಾಯಿ ಸ್ವರ ಅಂದರೆ ವರ್ಣದ ಮೊದಲ ಭಾಗ ಮುಗಿಸುವ ಸ್ವರದ ಸಾಲು, ಎರಡನೇ ಕಾಲ ಅಂದರೆ ಇಮ್ಮಡಿ ವೇಗ.) ಕೇಳುವವರ ಕಿವಿ ಆ ಒಂದು ಜಾಗಕ್ಕೇ ಹೋಗಿ ಕೂರುತ್ತದೆ. ಮೋಹನದಲ್ಲಿ ಇದು ಸಾಮಾನ್ಯ. ಮೊದಲನೇ ಕಾಲದಲ್ಲಿ ಸರಿಯಾಗಿ ಕೂತ ಬೆರಳು ಎರಡನೇ ಕಾಲಕ್ಕೆ ಬಂದಾಗ ಗಾಂಧಾರಕ್ಕೆ ಪೂರ್ತಿ ತಲುಪುವ ಮೊದಲೇ ಎದ್ದುಬಿಡುತ್ತದೆ. ನುಡಿಸುವಾಗ ನಿಮಗೆ ಗೊತ್ತಾಗುವುದಿಲ್ಲ, ಯಾಕೆಂದರೆ ಮನಸ್ಸೆಲ್ಲ ಕಮಾನು ತಿರುಗಿಸುವುದರಲ್ಲಿ ಇರುತ್ತದೆ. ರೆಕಾರ್ಡಿಂಗಿನಲ್ಲಿ ಮಾತ್ರ ಅದು ಅಡಗಿ ಕೂರುವುದಿಲ್ಲ.

ಬೇರೆಯವರಿಗೆ ಕಳಿಸುವ ಮೊದಲು ನೀವೇ ಕೇಳಿ. ನುಡಿಸಿದ ಕೂಡಲೇ ಬೇಡ, ಮರುದಿನ ಬೆಳಿಗ್ಗೆ. ಮೊದಲ ಸಲ ಶ್ರುತಿ ಒಂದನ್ನೇ ಕೇಳಿ. ಎರಡನೇ ಸಲ ಪಿಟೀಲು ಕೆಳಗಿಟ್ಟು, ಮೆಟ್ರೊನೋಮ್ ಇಟ್ಟುಕೊಂಡು ಕೈಯಲ್ಲಿ ಆದಿತಾಳ ಹಾಕುತ್ತಾ ಕೇಳಿ. ರೆಕಾರ್ಡಿಂಗು ನಿಮ್ಮ ಕೈಗಿಂತ ಮೊದಲೇ ಸಮಕ್ಕೆ, ಅಂದರೆ ತಾಳದ ಮೊದಲ ಪೆಟ್ಟಿಗೆ, ಬಂತೋ, ಓಡಿದ್ದೀರಿ. ಹಿಂದೆ ಉಳಿಯಿತೋ, ಎಳೆದಿದ್ದೀರಿ. ಎಲ್ಲಿ ಓಡಲು ಶುರುವಾಯಿತು ಅಂತ ಆವರ್ತದ (ತಾಳದ ಸುತ್ತಿನ) ಲೆಕ್ಕದಲ್ಲಿ ಬರೆದಿಟ್ಟುಕೊಳ್ಳಿ.

ಇಷ್ಟಾಗಿಯೂ ಇನ್‌ಸ್ಟಾಗ್ರಾಮಿಗೆ ಹಾಕಲೇಬೇಕು ಅನಿಸಿದರೆ ಹಾಕಿ, ನಾನು ಬೇಡ ಅನ್ನುವುದಿಲ್ಲ. ಆದರೆ ಮಾರಾಯ್ರೇ, ಹತ್ತು ಸಲ ತೆಗೆದು, ಅದರಲ್ಲಿ ಚಂದ ಬಂದದ್ದನ್ನು ಆರಿಸಿ, ಕೆಳಗೆ "ಸುಮ್ನೆ ಅಭ್ಯಾಸ" ಅಂತ ಮಾತ್ರ ಬರೆಯಬೇಡಿ. ಈಗ ಅದು ಜಾಸ್ತಿ ಆಗಿದೆ. ಅದನ್ನು ನೋಡಿದ ಇನ್ನೊಬ್ಬಳು ಕಲಿಯುವ ಹುಡುಗಿ ತನ್ನ ಅಭ್ಯಾಸ ಮಾತ್ರ ಯಾಕೆ ಹೀಗೆ ಅಂತ ಪಿಟೀಲು ಪೆಟ್ಟಿಗೆಗೆ ಹಾಕ್ತಾಳೆ.

ಪ್ರಶ್ನೆ: ಸುರತ್ಕಲ್‌ನಿಂದ ಬರೆಯುತ್ತಿದ್ದೇನೆ. ನಮ್ಮ ಗುರುಗಳು ಪಾಠವನ್ನು ರೆಕಾರ್ಡ್ ಮಾಡಲು ಬಿಡುತ್ತಾರೆ. ಅವರು ನನ್ನನ್ನು ತಿದ್ದುವ ಒಂದು ತುಣುಕು ಬಹಳ ಚೆನ್ನಾಗಿ ಬಂದಿತ್ತು. ಕಲಿಯುವ ನಾಲ್ಕು ಜನರಿಗೆ ಉಪಯೋಗ ಆಗಲಿ ಅಂತ ಗುಂಪಿಗೆ ಹಾಕಿದೆ. ಒಬ್ಬರು ಅದು ತಪ್ಪು ಅಂದರು. ಹೌದಾ?

ಉತ್ತರ: ಹೌದು. ಗುರುಗಳ ಹತ್ತಿರ ಕೇಳಿ ಹಾಕಬೇಕಿತ್ತು.

ಪಾಠದಲ್ಲಿ ಗುರುಗಳು ಹಾಡುವುದು ಅರ್ಧ ಗಂಟಲಿನಲ್ಲಿ. ನಡುವೆ ಕೆಮ್ಮು, "ಅಲ್ಲ, ಹಾಗಲ್ಲ", ಒಳಗಿನಿಂದ ಯಾರೋ ಕರೆದದ್ದು, ಎಲ್ಲ ಇರುತ್ತದೆ. ಅಂದರೆ ಅದು ಅವರ ಹಸಿ ರೆಕಾರ್ಡಿಂಗು. ನಿಮ್ಮ ತಪ್ಪನ್ನು ಊರಿಗೆ ಕೇಳಿಸುವುದು ನಿಮಗೆ ಬಿಟ್ಟದ್ದು, ಅವರ ಅರ್ಧ ದನಿಯನ್ನು ಕೇಳಿಸುವುದು ಅವರಿಗೆ ಬಿಟ್ಟದ್ದು. ಕೃತಿ ತ್ಯಾಗರಾಜರದ್ದು, ಅವರು ತೀರಿಕೊಂಡದ್ದು 1847ರಲ್ಲಿ, ಈಗ ಯಾರ ಹಕ್ಕು ಅಂತ ನೀವು ಕೇಳಬಹುದು. ಕೃತಿಯ ಮೇಲೆ ಯಾರ ಹಕ್ಕೂ ಇಲ್ಲ, ಸರಿ. ಅದನ್ನು ಹಾಡಿದ ದನಿಯ ವಿಷಯ ಬೇರೆ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಗೆ 1994ರಲ್ಲಿ ತಿದ್ದುಪಡಿ ಆದಾಗ ಹಾಡುವವರಿಗೆ, ನುಡಿಸುವವರಿಗೆ ಅವರದ್ದೇ ಪ್ರತ್ಯೇಕ ಹಕ್ಕು ಬಂತು. ಹಾಗಂತ ಗುರು-ಶಿಷ್ಯರ ನಡುವೆ ಕಾಯ್ದೆ ತರುವ ಅಗತ್ಯ ಏನಿಲ್ಲ. ಗುಂಪಿನಿಂದ ತೆಗೆಯಿರಿ, ಮುಂದಿನ ಪಾಠಕ್ಕೆ ಹೋದಾಗ ನೀವೇ ಬಾಯಿಬಿಟ್ಟು ಹೇಳಿ. ಬೇರೆ ಯಾರಿಂದಲೋ ಅವರಿಗೆ ಗೊತ್ತಾಗುವುದು ಬೇಡ.

ಪ್ರಶ್ನೆ: ಮಾಷ್ಟ್ರೇ, ನಾವು ಮಂಗಳೂರಿನ ಹುಡುಗರು, ತುಳುವಿನಲ್ಲಿ ಸ್ವಂತ ಹಾಡು ಮಾಡ್ತೇವೆ. ಎರಡು ಡೌಟು. ಅರ್ಧ ಆದ ಹಾಡು ಹಾಕಿದರೆ ಯಾರಾದರೂ ಟ್ಯೂನ್ ಕದಿಯುತ್ತಾರಾ? ಮತ್ತೆ, ಫೋನಿನಲ್ಲಿ ಮಾಡಿದ ಡೆಮೊದಲ್ಲಿ ಇದ್ದ ಜೀವ ಸ್ಟುಡಿಯೋದಲ್ಲಿ ಬರ್ತಾ ಇಲ್ಲ. ಡೆಮೊವನ್ನೇ ಬಿಡಬಹುದಾ?

ಉತ್ತರ: ಎರಡನೆಯದಕ್ಕೆ ಮೊದಲು ಬರುತ್ತೇನೆ. ಹಾಗೆ ಬಿಟ್ಟವರು ಇದ್ದಾರೆ. ಅಮೆರಿಕದ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ತಮ್ಮ ಬ್ಯಾಂಡಿಗೆ ಕೇಳಿಸಲಿಕ್ಕೆ ಅಂತ ಮನೆಯ ಕೋಣೆಯಲ್ಲಿ ಕೂತು, ನಾಲ್ಕು ಟ್ರ್ಯಾಕಿನ ಕ್ಯಾಸೆಟ್ ಯಂತ್ರದಲ್ಲಿ ಕೆಲವು ಹಾಡು ತುಂಬಿಸಿಕೊಂಡರು. ಆಮೇಲೆ ಸ್ಟುಡಿಯೋದಲ್ಲಿ ಬ್ಯಾಂಡಿನೊಟ್ಟಿಗೆ ಮಾಡಿ ನೋಡಿದರೆ ಸರಿ ಬರಲಿಲ್ಲ. ಕೊನೆಗೆ 1982ರಲ್ಲಿ ಆ ಕ್ಯಾಸೆಟ್ಟಿನಲ್ಲಿದ್ದದ್ದೇ 'ನೆಬ್ರಾಸ್ಕಾ' ಅಂತ ಆಲ್ಬಮ್ ಆಗಿ ಬಂತು. ಈ ಕತೆ ಹೇಳಿದ ಕೂಡಲೇ ಎಲ್ಲ ಹುಡುಗರ ಮುಖ ಅರಳುತ್ತದೆ! ಆದರೆ ಒಂದು ವಿಷಯ ನೋಡಿ. ಅಲ್ಲಿ ರೆಕಾರ್ಡಿಂಗ್ ಮಾತ್ರ ಹಸಿ, ಹಾಡು ಪೂರ್ತಿ ಬೆಂದಿತ್ತು. ಪದಗಳು ಮುಗಿದಿದ್ದವು. ನಿಮ್ಮ ಪತ್ರದೊಟ್ಟಿಗೆ ಕಳಿಸಿದ ತುಣುಕು ಕೇಳಿದೆ. ಪಲ್ಲವಿ ಚೆನ್ನಾಗಿದೆ, ಗಿಟಾರಿನ ಹಿಂದೆ ಅಡುಗೆಮನೆಯ ಕುಕ್ಕರ್ ಕೂಗಿದ್ದೂ ನನಗೆ ಇಷ್ಟವೇ ಆಯಿತು. ಆದರೆ ಚರಣದಲ್ಲಿ ಇನ್ನೂ "ಲಾ ಲಾ ಲಾ" ಉಂಟು. ನಿಮಗೆ ಮುಂದೆ ಬರುವ ಪದ ಯಾವುದು ಅಂತ ಅಂದಾಜಿರುತ್ತದೆ, ಅದಕ್ಕೇ ಆ ಲಾ ಲಾ ಚಂದ ಕೇಳುತ್ತದೆ. ಉಳಿದವರಿಗೆ ಅಲ್ಲಿ ಏನೂ ಇಲ್ಲ. ಮೊದಲು ಸಾಹಿತ್ಯ ಮುಗಿಸಿ. ಆಮೇಲೆ ಡೆಮೊ ಒಳ್ಳೆಯದೋ ಸ್ಟುಡಿಯೋ ಒಳ್ಳೆಯದೋ ನೋಡುವ.

ಕದಿಯುವ ವಿಷಯ. ಸ್ವಂತ ಟ್ಯೂನ್ ಮಾಡಿ ರೆಕಾರ್ಡ್ ಮಾಡಿದ ಹೊತ್ತಿಗೇ ಹಕ್ಕು ನಿಮ್ಮದು. ನೋಂದಣಿ ಮಾಡಿಸಿದರೆ ಒಳ್ಳೆಯದು, ಮಾಡಿಸಲೇಬೇಕು ಅಂತ ಕಾಯ್ದೆಯಲ್ಲಿ ಇಲ್ಲ. ಮುಂದೆ ಜಗಳ ಬಂದರೆ ಯಾವಾಗ ಮಾಡಿದ್ದು ಅಂತ ತೋರಿಸಲು ಏನಾದರೂ ಇರಬೇಕು. ಮೊದಲ ಫೈಲನ್ನು ಅಳಿಸಬೇಡಿ, ಅದನ್ನು ನಿಮಗೆ ನೀವೇ ಇಮೇಲ್ ಮಾಡಿಟ್ಟುಕೊಳ್ಳಿ. ಇನ್ನೊಂದು, ನೀವು ಕೇಳದೇ ಇದ್ದದ್ದು: ಜಗಳ ಹೊರಗಿನವರಿಗಿಂತ ಜಾಸ್ತಿ ಬ್ಯಾಂಡಿನ ಒಳಗೇ ಆಗುತ್ತದೆ. ಟ್ಯೂನ್ ಯಾರದ್ದು, ಸಾಹಿತ್ಯ ಯಾರದ್ದು, ಬ್ಯಾಂಡ್ ಬಿಟ್ಟು ಹೋದವನು ಆ ಹಾಡು ಬೇರೆ ಕಡೆ ಹಾಡಬಹುದಾ ಅಂತ ಈಗಲೇ, ಎಲ್ಲರೂ ದೋಸ್ತಿಗಳಾಗಿರುವಾಗಲೇ, ಒಂದು ಕಾಗದದಲ್ಲಿ ಬರೆದು ಸಹಿ ಹಾಕಿಕೊಳ್ಳಿ.

ಪ್ರಶ್ನೆ: ನಾನು ಕೋಟದ ಕಡೆಯವನು, ಯಕ್ಷಗಾನದ ಭಾಗವತಿಕೆ (ಹಾಡುಗಾರಿಕೆ) ಕಲಿಯುತ್ತಿದ್ದೇನೆ. ಮನೆಯಲ್ಲಿ ಗೆಳೆಯರು ಮದ್ದಳೆ, ಚೆಂಡೆಗೆ ಕೂರುತ್ತಾರೆ. ರೆಕಾರ್ಡ್ ಮಾಡಿ ಗುರುಗಳಿಗೆ ಕಳಿಸಿದರೆ "ಚೆಂಡೆ ಬಿಟ್ಟು ಎಂತದೂ ಕೇಳುವುದಿಲ್ಲ" ಅನ್ನುತ್ತಾರೆ. ಒಳ್ಳೆ ಮೈಕ್ ತೆಗೆದುಕೊಳ್ಳಬೇಕಾ?

ಉತ್ತರ: ಈಗಲೇ ದುಡ್ಡು ಹಾಕಬೇಡಿ. ಜಾಗ ಬದಲಾಯಿಸಿ ನೋಡಿ.

ದೊಡ್ಡ ಶಬ್ದ ಬಂದ ಕೂಡಲೇ ಫೋನು ತಾನಾಗಿಯೇ ಎಲ್ಲವನ್ನೂ ತಗ್ಗಿಸುತ್ತದೆ. ಚೆಂಡೆಗೆ ಪೆಟ್ಟು ಬಿದ್ದ ಹೊತ್ತಿಗೆ ನಿಮ್ಮ ಪದವೂ (ಹಾಡೂ) ಮುಳುಗುವುದು ಅದಕ್ಕೇ. ಚೆಂಡೆಯವರನ್ನು ಜಗಲಿಗೆ ಕಳಿಸಿ, ನೀವು ಚಾವಡಿಯ ಒಳಗೆ ಕೂರಿ, ಬಾಗಿಲು ತೆರೆದಿರಲಿ. ಅವರಿಗೆ ನಿಮ್ಮ ಪದ ಕೇಳಬೇಕು, ಫೋನಿಗೆ ಚೆಂಡೆ ದೂರದಿಂದ ಬರಬೇಕು. ಫೋನು ನಿಮ್ಮಿಂದ ಒಂದು ಕೈ ದೂರ, ಎದೆಯ ಮಟ್ಟಕ್ಕೆ, ಬಾಯಿಗೆ ನೇರ ಅಲ್ಲ, ಸ್ವಲ್ಪ ಓರೆಗೆ. ಬರೀ ಮೇಜಿನ ಮೇಲೆ ಇಡಬೇಡಿ, ಕೆಳಗೆ ಒಂದು ಬೈರಾಸು (ಟವೆಲು) ಮಡಚಿಡಿ. ನಿಮ್ಮ ಕೈಯಲ್ಲಿರುವ ತಾಳವೂ ಫೋನಿನ ಹತ್ತಿರ ಬಾರದಿರಲಿ, ಅದರ ಕಿಣಿಕಿಣಿ ಚೆಂಡೆಗಿಂತ ಉಪದ್ರ. ಫ್ಯಾನ್ ನಿಲ್ಲಿಸಿ. ಶ್ರುತಿಪೆಟ್ಟಿಗೆ ಕೇಳುವಷ್ಟು ಇರಲಿ, ಆದರೆ ಫೋನಿಗೆ ಅಂಟಿಕೊಂಡು ಬೇಡ. ಶ್ರುತಿ ಜೋರಾಗಿ ತುಂಬಿಕೊಂಡರೆ ನಿಮ್ಮ ದನಿ ಎಲ್ಲಿ ಜಾರಿತು ಅಂತ ಗುರುಗಳಿಗೆ ಗೊತ್ತಾಗುವುದಿಲ್ಲ, ಮತ್ತೆ ಕಳಿಸಿ ಏನು ಪ್ರಯೋಜನ?

ಆಷಾಢದ ಮಳೆಯಲ್ಲಿ, ಅದೂ ತಗಡಿನ ಮಾಡಾದರೆ, ರೆಕಾರ್ಡಿಂಗಿನ ಆಸೆಯೇ ಬಿಡಿ. ತಂಡಿಗೆ ಮದ್ದಳೆಯ ಚರ್ಮವೂ ಸಡಿಲ ಆಗಿ ಶ್ರುತಿ ನಿಲ್ಲುವುದಿಲ್ಲ. ಆ ತಿಂಗಳುಗಳಲ್ಲಿ ಬರೀ ಪದ ಕಳಿಸಿ, ಸಾಕು. ಕಳಿಸುವಾಗ ವಾಟ್ಸ್‌ಆ್ಯಪಿನ ವಾಯ್ಸ್ ಮೆಸೇಜ್ ಮಾಡಬೇಡಿ, ಅದು ದನಿಯನ್ನು ಕುಗ್ಗಿಸಿಬಿಡುತ್ತದೆ. ಫೋನಿನ ರೆಕಾರ್ಡರಿನಲ್ಲಿ ಮಾಡಿ, ಆ ಫೈಲನ್ನು ಡಾಕ್ಯುಮೆಂಟ್ ಆಗಿ ಕಳಿಸಿ. ಗುರುಗಳಿಗೆ ಪ್ರಸಂಗ ಪೂರ್ತಿ ಕಳಿಸುವುದೂ ಬೇಡ. ಸಂಶಯ ಇರುವ ಒಂದು ಪದ, ಅದರಲ್ಲಿ ದನಿ ಏರುವ ಭಾಗ ಮಾತ್ರ.

ಪ್ರಶ್ನೆ: ಮಗಳಿಗೆ ಹತ್ತು ವರ್ಷ, ಸಂಗೀತ ಕಲಿಯುತ್ತಾಳೆ. ಅಭ್ಯಾಸ ಮಾಡುವಾಗ ವಿಡಿಯೋ ತೆಗೆದು ಸಂಬಂಧಿಕರ ಗುಂಪಿಗೆ ಹಾಕುತ್ತೇನೆ, ದುಬೈಯಲ್ಲಿರುವ ಅತ್ತೆ, ಮಾವನವರಿಗೆ ಖುಷಿ. ಈಗೀಗ ಅವಳು ಫೋನು ಕಂಡರೆ ಹಾಡುವುದು ನಿಲ್ಲಿಸುತ್ತಾಳೆ. ಏನು ಮಾಡಲಿ? (ಕೊಡಿಯಾಲಬೈಲಿನ ತಾಯಿ)

ಉತ್ತರ: ವಿಡಿಯೋ ನಿಲ್ಲಿಸಿ ಅಮ್ಮಾ. ಅವಳು ಉತ್ತರ ಕೊಟ್ಟಾಗಿದೆ. ನವರಾತ್ರಿಗೆ ಅವಳೇ ಹಾಡ್ತೇನೆ ಅಂದರೆ ಆಗ ಅತ್ತೆಗೆ ವಿಡಿಯೋ ಕಾಲ್ ಮಾಡಿ.

ಪ್ರಶ್ನೆ: ನಾನು ಮಂಗಳೂರಿನ ಫ್ಲಾಟಿನಲ್ಲಿ ಇರುವ ಸ್ಯಾಕ್ಸೋಫೋನ್ ವಿದ್ಯಾರ್ಥಿ. ನೀವೆಲ್ಲ ಹಂಚಿಕೊಳ್ಳುವುದಾ ಬೇಡವಾ ಅಂತ ಮಾತಾಡ್ತೀರಿ. ನನ್ನ ಅಭ್ಯಾಸ ನಾನು ಬೇಡ ಅಂದರೂ ಮೂರು ಮಾಳಿಗೆಗೆ ಕೇಳುತ್ತದೆ. ಕಂಪ್ಲೇಂಟ್ ಬಂದಿದೆ.

ಉತ್ತರ: ನಿಮ್ಮ ಕಷ್ಟ ದೊಡ್ಡವರಿಗೂ ಬಂದಿತ್ತು. ಸೋನಿ ರೋಲಿನ್ಸ್ ಅಂತ ಜಾಝ್ ಸ್ಯಾಕ್ಸೋಫೋನ್ ವಾದಕರು. ಅಕ್ಕಪಕ್ಕದವರಿಗೆ ತೊಂದರೆ ಬೇಡ ಅಂತ 1959ರಿಂದ 1961ರವರೆಗೆ ನ್ಯೂಯಾರ್ಕಿನ ವಿಲಿಯಮ್ಸ್‌ಬರ್ಗ್ ಸೇತುವೆ ಮೇಲೆ ಹೋಗಿ ಅಭ್ಯಾಸ ಮಾಡುತ್ತಿದ್ದರು. ಇದನ್ನು ಓದಿ ನೀವು ನೇತ್ರಾವತಿ ಸೇತುವೆಗೆ ಹೋಗಬೇಡಿ, ಆ ಲಾರಿಗಳ ನಡುವೆ ನಿಮ್ಮ ಷಡ್ಜ ನಿಮಗೇ ಕೇಳುವುದಿಲ್ಲ.

ನಮ್ಮ ಊರಿನಲ್ಲಿ ಈ ವಾದ್ಯಕ್ಕೆ ಒಂದು ಅನುಕೂಲ ಉಂಟು. ಕದ್ರಿ ಗೋಪಾಲನಾಥರ (1949–2019) ನಂತರ ಇಲ್ಲಿ ಇದು ಹೊರಗಿನ ವಾದ್ಯವಾಗಿ ಉಳಿದಿಲ್ಲ. ದೇವಸ್ಥಾನದ ಉತ್ಸವಕ್ಕೂ ಮದುವೆ ಮನೆಗೂ ಜನ ಕೇಳಿ ಕೇಳಿ ಕಿವಿ ಒಗ್ಗಿದೆ. ನಿಮ್ಮ ನೆರೆಯವರ ತಕರಾರು ಬಹುಶಃ ವಾದ್ಯದ ಮೇಲೆ ಅಲ್ಲ, ಒಂದೇ ಸಾಲನ್ನು ಒಂದು ಗಂಟೆ ತಿರುಗಿ ತಿರುಗಿ ಕೇಳಬೇಕಾಗುವುದರ ಮೇಲೆ. ಹೋಗಿ ಮಾತಾಡಿ. ದೀರ್ಘ ಸ್ವರ, ವರಸೆಗಳನ್ನು ಎಲ್ಲರೂ ಕೆಲಸಕ್ಕೆ ಹೋದ ಮೇಲೆ ಇಟ್ಟುಕೊಳ್ಳಿ. ಕೃತಿ ನುಡಿಸುವುದು ಸಂಜೆ ಆದರೆ ಯಾರೂ ಬೇಡ ಅನ್ನಲಿಕ್ಕಿಲ್ಲ. ಕಿಟಕಿ ಹಾಕಿ, ದಪ್ಪ ಪರದೆ ಬಿಟ್ಟು, ಬಟ್ಟೆ ತುಂಬಿದ ಕಪಾಟಿನ ಕಡೆಗೆ ಮುಖ ಮಾಡಿ ಊದಿ, ಸ್ವಲ್ಪ ಶಬ್ದ ಅಲ್ಲೇ ಇಂಗುತ್ತದೆ. ಭಾನುವಾರ ಮಧ್ಯಾಹ್ನ ಊಟ ಆದ ಮೇಲೆ ಎರಡರಿಂದ ನಾಲ್ಕರವರೆಗೆ ಮಾತ್ರ ವಾದ್ಯ ಮುಟ್ಟಲೇಬೇಡಿ, ಆ ಹೊತ್ತಿಗೆ ನಾನಾದರೂ ಕಂಪ್ಲೇಂಟ್ ಕೊಡುತ್ತೇನೆ.