ನಾನು ಬರೆದ ತಪ್ಪು ಲೇಬಲ್‌ಗಳು

"ತುಂಬಾ ಇಷ್ಟಪಟ್ಟ ಹಾಡು ಅಸಲಿಗೆ ಬೇರೆ ಯಾರದ್ದೋ ಅಂತ ಆಮೇಲೆ ಗೊತ್ತಾಗಿದ್ದಿದೆಯಾ? ಒಂದೇ ಹಾಡಿಗೆ ಹೆಸರಾಗಿ ಮಾಯವಾದವರ ಬಗ್ಗೆ ಏನನ್ನಿಸುತ್ತದೆ?" ಅಂತ ಕೇಳಿದ್ದೀರಿ.

ಗೊತ್ತಾಗಿದೆ, ಅದೂ ಒಂದೆರಡಲ್ಲ. ತಪ್ಪು ಹೆಸರು ಬರೆಯುವುದೇ ಒಂದು ಕಾಲಕ್ಕೆ ನನ್ನ ಕೆಲಸವಾಗಿತ್ತು.

1989ರಿಂದ ಮೂರು ವರ್ಷ ಹುಬ್ಬಳ್ಳಿಯ ದುರ್ಗದ ಬೈಲಿನ ಹತ್ತಿರ ಒಂದು ಕ್ಯಾಸೆಟ್ ಅಂಗಡಿಯಲ್ಲಿದ್ದೆ. ಗಿರಾಕಿಗಳು ಹಾಡಿನ ಪಟ್ಟಿ ಕೊಡುತ್ತಿದ್ದರು. ನಾವು ಖಾಲಿ ಕ್ಯಾಸೆಟ್‌ಗೆ ತುಂಬಿಸಿ ಕೊಡುತ್ತಿದ್ದೆವು. (ಕಾಯ್ದೆ ಗೀಯ್ದೆ ಅಂತ ಆಗ ಯಾರೂ ಕೇಳುತ್ತಿರಲಿಲ್ಲ.) ನನ್ನ ಅಕ್ಷರ ಚಂದ ಅಂತ ಲೇಬಲ್ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಇಂಗ್ಲಿಷ್ ಹಾಡು, ಕುಣಿಯೋ ಥರ ಇದೆ ಅಂದರೆ ಸುಮ್ನೆ ಡಿಸ್ಕೋ ತಂಡ 'ಬೋನಿ ಎಂ' ಹೆಸರು ಬರೆದುಬಿಡುತ್ತಿದ್ದೆ.

ಒಂದು ಸಲ ನಿಜವಾಗಿಯೂ ಬೋನಿ ಎಂ ಅವರ 'ರಿವರ್ಸ್ ಆಫ್ ಬ್ಯಾಬಿಲಾನ್' ತುಂಬಿಸುತ್ತಿದ್ದೆ. ಬಾಸೆಲ್ ಮಿಶನ್ ಚರ್ಚಿಗೆ ಹೋಗುವ ಒಬ್ಬ ಹಿರಿಯ ಮಾಸ್ತರರು ಕೇಳುತ್ತಾ ನಿಂತರು. "ತಮ್ಮಾ, ಇದು ಬೈಬಲ್‌ನ ಕೀರ್ತನೆ ನೂರಾ ಮೂವತ್ತೇಳು. ನಾವು ಚರ್ಚಿನ್ಯಾಗ ಓದತೀವಿ. ಇದಕ್ಕ ಕುಣೀತಾರನು?" ಅಂದರು.

ಅವರ ಮಾತು ಖರೆ. ಸೆರೆಯಾಗಿ ಬಾಬೆಲಿಗೆ (ಅದೇ ಬ್ಯಾಬಿಲಾನ್) ಹೋದ ಯೆಹೂದ್ಯರು ಅಲ್ಲಿನ ನದಿ ದಂಡೆಯಲ್ಲಿ ಕೂತು ತಮ್ಮ ನಾಡನ್ನು ನೆನೆದು ಅಳುವ ಮಾತುಗಳವು. ಅದನ್ನು 1970ರಲ್ಲಿ ಹಾಡು ಮಾಡಿದ್ದು ಜಮೈಕಾದ ಮೆಲೋಡಿಯನ್ಸ್ ತಂಡ. ಆಫ್ರಿಕಾದಿಂದ ಗುಲಾಮರಾಗಿ ಬಂದವರ ಮೊಮ್ಮಕ್ಕಳಿಗೆ ಬಾಬೆಲ್ ಅಂದರೆ ಹಳೇ ಕಥೆಯಲ್ಲ, ತಮ್ಮದೇ ಕಥೆ. ಅದಕ್ಕೆ ತಮ್ಮ ರಾಸ್ತಫಾರಿ ಪಂಥದ ದೇವರ ಹೆಸರನ್ನೂ ಸೇರಿಸಿದ್ದರು. 1978ರಲ್ಲಿ ಬೋನಿ ಎಂ ಆ ಶಬ್ದಗಳನ್ನು ತೆಗೆದು, ಡಿಸ್ಕೋ ಬಡಿತ ಹಾಕಿತು. ಬ್ರಿಟನ್‌ನಲ್ಲಿ ಐದು ವಾರ ಮೊದಲ ಸ್ಥಾನ.

ಇನ್ನೂ ಮಜಾ ಇದೆ. ಬೋನಿ ಎಂ ಕಟ್ಟಿದ್ದು ಜರ್ಮನಿಯ ನಿರ್ಮಾಪಕ ಫ್ರಾಂಕ್ ಫೇರಿಯನ್. ವೇದಿಕೆ ಮೇಲೆ ಬಾಬಿ ಫಾರೆಲ್ ಎದೆಗುಂಡಿ ಬಿಚ್ಚಿ ಕುಣಿಯುತ್ತಿದ್ದನಲ್ಲ, ರೆಕಾರ್ಡಿನಲ್ಲಿರುವ ಗಂಡು ದನಿ ಅವನದಲ್ಲ. ಫೇರಿಯನ್‌ನದೇ! ಅವರ 'ಸನ್ನಿ' ಕೂಡ 1966ರಲ್ಲೇ ಬಾಬಿ ಹೆಬ್ ಹಾಡಿದ್ದು. ಅಂದರೆ ನಾನು ಸರಿಯಾಗಿ ಬರೆದ ಲೇಬಲ್ ಕೂಡ ಪೂರ್ತಿ ಸರಿ ಇರಲಿಲ್ಲ.

ಆದರೂ ಬೋನಿ ಎಂ ಮೇಲೆ ನನಗೆ ಸಿಟ್ಟಿಲ್ಲ. ಒಬ್ಬರ ಹಾಡನ್ನು ಇನ್ನೊಬ್ಬರು ಹಾಡಬಾರದು ಅಂದರೆ ನಮ್ಮ ಕಡೆ ಭಜನೆಯೇ ನಿಂತುಹೋಗುತ್ತದೆ. ಶಿಶುನಾಳ ಶರೀಫರು ತೀರಿಕೊಂಡಿದ್ದು 1889ರಲ್ಲಿ. ಅವರ ದನಿಯ ರೆಕಾರ್ಡ್ ಇಲ್ಲ. ಶಿಗ್ಗಾವಿ ಕಡೆಯ ನಮ್ಮ ಅಜ್ಜನ ಊರಲ್ಲಿ ಭಜನಾ ಮೇಳದವರು ಹಾಡುವ ಧಾಟಿ ಬೇರೆ, ಕ್ಯಾಸೆಟ್‌ನಲ್ಲಿ ಬಂದ ಸಿ. ಅಶ್ವತ್ಥ್ ಅವರ ಧಾಟಿ ಬೇರೆ. 2008ರಲ್ಲಿ ರಘು ದೀಕ್ಷಿತ್ 'ಗುಡುಗುಡಿಯ ಸೇದಿ ನೋಡೋ' ಪದವನ್ನು ಗಿಟಾರ್ ಹಿಡಿದು ಹಾಡಿದಾಗ ನಮ್ಮ ಕಾಕಾ ಮುಖ ಸಿಂಡರಿಸಿದರು. ನಾನು ಎರಡು ಸಲ ಹಾಕಿ ಕೇಳಿದೆ. ಯಾರು ಹೇಗೆ ಹಾಡಿದರೂ ಕೊನೆಯಲ್ಲಿ 'ಶಿಶುನಾಳಧೀಶ' ಅಂತಲೋ ಗುರು ಗೋವಿಂದನ ಹೆಸರೋ ಬಂದೇ ಬರುತ್ತದೆ. ಅಂಕಿತ ಅಂದರೆ ಅದೇ ಅಲ್ವಾ? ಲೇಬಲ್ ಹಾಡಿನ ಒಳಗೇ ಇದೆ. ನನ್ನಂಥವನು ತಪ್ಪು ಬರೆದರೂ ಅಳಿಸೋಕಾಗಲ್ಲ.

ಪಾಪ್ ಹಾಡಿಗೆ ಆ ಅನುಕೂಲ ಇಲ್ಲ. 'ಐ ವಿಲ್ ಆಲ್ವೇಸ್ ಲವ್ ಯೂ' ಅಮೆರಿಕದ ಗಾಯಕಿ ಡಾಲಿ ಪಾರ್ಟನ್ ಬರೆದದ್ದು. ಗಾಯಕ ಎಲ್ವಿಸ್ ಪ್ರೀಸ್ಲಿ ಹಾಡಬೇಕೆಂದಿದ್ದ, ಆದರೆ ಅವನ ಮ್ಯಾನೇಜರ್ ಹಾಡಿನ ಅರ್ಧ ಹಕ್ಕು ಕೇಳಿದ. ಆಕೆ ಕೊಡಲಿಲ್ಲ. 1992ರಲ್ಲಿ ಅದನ್ನು ವಿಟ್ನಿ ಹ್ಯೂಸ್ಟನ್ ಹಾಡಿದಾಗ ಹಕ್ಕು ಡಾಲಿ ಕೈಯಲ್ಲೇ ಇತ್ತು. ಗಟ್ಟಿ ಹೆಣ್ಣುಮಗಳು.

ಎಲ್ಲರಿಗೂ ತಮ್ಮ ಹಾಡಿನ ಹಕ್ಕು ಅಷ್ಟು ಸಲೀಸಾಗಿ ಸಿಗಲಿಲ್ಲ. 'ಲಂಬಾಡಾ' ನೆನಪಿದೆಯಾ? 1989ರ ಹಾಡು. ಹೆಸರು ಕೇಳಿ ಲಂಬಾಣಿ ಹಾಡು ಅಂದುಕೊಂಡು ಒಯ್ದವರೂ ಇದ್ದರು. ಹಾಡಿದ್ದು ಫ್ರಾನ್ಸಿನ ಕಾವೋಮಾ ತಂಡ. ಒಂದೇ ಹಾಡಿಗೆ ಹೆಸರಾದವರು ಅಂದರೆ ನನಗೆ ಮೊದಲು ನೆನಪಾಗೋದು ಇವರೇ. ಆದರೆ ಆ ಒಂದೂ ಅವರದಾಗಿರಲಿಲ್ಲ! ಬೊಲಿವಿಯಾದ ಲಾಸ್ ಕಾರ್ಕಾಸ್ ತಂಡ 1981ರಲ್ಲೇ ಅದನ್ನು ಹಾಡಿತ್ತು. ಬರೆದವರು ಹೆರ್ಮೋಸಾ ಅಣ್ಣತಮ್ಮಂದಿರು. ಅವರನ್ನು ಕೇಳದೆ ಕಾವೋಮಾ ಎತ್ತಿಕೊಂಡಿತು. ಇವರು ಕೋರ್ಟಿಗೆ ಹೋಗಿ ತಮ್ಮ ಹಕ್ಕು ಪಡೆಯಬೇಕಾಯಿತು. ಅಷ್ಟರಲ್ಲಿ ಅದೇ ಧಾಟಿ 1990ರ ಹಿಂದಿ ಸಿನಿಮಾ 'ಘಾಯಲ್'ಗೂ ಬಂದಿತ್ತು. ಅಲ್ಲಿಂದ ಹುಬ್ಬಳ್ಳಿಯ ಮದುವೆ ಬ್ಯಾಂಡಿಗೆ ಬರಲು ಎಷ್ಟು ಹೊತ್ತು!

ನಮ್ಮ ಅಕ್ಕನ ಮದುವೆ 1991ರಲ್ಲಿ. ಆಕೆಯನ್ನು ಗಂಡನ ಮನೆಗೆ ಕಳಿಸುವಾಗ ಬ್ಯಾಂಡಿನವರು ಇದನ್ನೇ ಬಾರಿಸಿದರು. ಅವ್ವ ಅಳುತ್ತಿದ್ದಾಳೆ, ಅಕ್ಕ ಅಳುತ್ತಾ ಬಸ್ ಹತ್ತುತ್ತಿದ್ದಾಳೆ, ಓಣಿಯ ಹುಡುಗರು ಸೊಂಟ ಕುಣಿಸುತ್ತಿದ್ದಾರೆ. ಬ್ಯಾಂಡಿನವರಿಗೆ ಅಷ್ಟೂ ತಿಳಿಯಬಾರದೇ ಅಂತ ನನಗೆ ವರ್ಷಗಟ್ಟಲೆ ಬೇಜಾರಿತ್ತು.

ಮೊನ್ನೆ ಮೊನ್ನೆ ಕಾರ್ಕಾಸ್ ಅವರ ಹಾಡಿನ ಅರ್ಥ ಹುಡುಕಿದೆ. ಮೊದಲ ಸಾಲು, "ಅಳುತ್ತಾ ಹೊರಟುಹೋದಳು."

ತಕ್ಷಣ ಅಕ್ಕನಿಗೆ ಫೋನ್ ಮಾಡಿ ಹೇಳಿದೆ. ಆಕೆ ಪೂರ್ತಿ ಕೇಳಿಸಿಕೊಂಡು, "ಅದಿರಲಿ, ಆ ಬ್ಯಾಂಡಿನವರಿಗೆ ಅಪ್ಪ ಇನ್ನೂ ನೂರು ರೂಪಾಯಿ ಕೊಡೋದಿತ್ತು. ಕೊಟ್ಟನೋ ಇಲ್ಲೋ?" ಅಂದಳು.