ಎತ್ತು ಎಳೆದಷ್ಟೇ ಚಕ್ಕಡಿಯೂ ಎಳೆದರೆ, ಮುಂದೆ ಹೋಗೋದು ಹೇಗೆ?

ಪ್ರಶ್ನೆ: ನನ್ನ ಮಗಳು ಒಂಬತ್ತನೇ ತರಗತಿ. ಮೊನ್ನೆ ಮೆಣಸಿನಕಾಯಿ ಚೀಲ ಹೇರಿಕೊಂಡು ಹೊಲದಿಂದ ಬರುವಾಗ ಚಕ್ಕಡಿಯಲ್ಲೇ ಕೂತು ಕೇಳಿದಳು: "ಅಪ್ಪಾ, ಎತ್ತು ಚಕ್ಕಡೀನ ಎಷ್ಟು ಎಳೀತಾವೋ, ಚಕ್ಕಡಿನೂ ಎತ್ತನ್ನ ಅಷ್ಟೇ ಹಿಂದಕ್ಕ ಎಳೀತದ ಅಂತ ಪುಸ್ತಕದಾಗ ಐತಿ. ಹಂಗಾದ್ರ ಚಕ್ಕಡಿ ನಿಂತಲ್ಲೇ ನಿಲ್ಲಬೇಕಲ್ಲ?" ನನಗೆ ಉತ್ತರ ಹೊಳೆಯಲಿಲ್ಲ.
– ರೈತರೊಬ್ಬರು, ಬ್ಯಾಡಗಿ ತಾಲೂಕು

ಉತ್ತರ: ಮೊದಲು ಮಗಳ ಬೆನ್ನು ತಟ್ಟಿ. ವಿಜ್ಞಾನಿ ನ್ಯೂಟನ್ ಹೇಳಿದ ಚಲನೆಯ ಮೂರು ನಿಯಮಗಳನ್ನು ಬಾಯಿಪಾಠ ಒಪ್ಪಿಸುವ ಮಕ್ಕಳು ಬೇಕಾದಷ್ಟು ಜನ. ಹೀಗೆ ತಡೆದು ಕೇಳುವವರು ಕಡಿಮೆ. ಮಗಳು ಪುಸ್ತಕದಲ್ಲಿ ಓದಿದ್ದು ಮೂರನೇ ನಿಯಮ. 1687ರಲ್ಲಿ ನ್ಯೂಟನ್ ಅದಕ್ಕೆ ಕೊಟ್ಟ ಉದಾಹರಣೆಯೂ ಇಂಥದ್ದೇ: ಹಗ್ಗ ಕಟ್ಟಿದ ಕಲ್ಲನ್ನು ಕುದುರೆ ಎಳೆಯುವುದು.

ಪುಸ್ತಕದಲ್ಲಿರುವುದು ಸರಿ. ಎರಡೂ ಎಳೆತ ಸಮ. ಆದರೆ ಒಂದು ಬೀಳುವುದು ಚಕ್ಕಡಿಯ ಮೇಲೆ, ಇನ್ನೊಂದು ಎತ್ತುಗಳ ಮೇಲೆ. ನಿಮ್ಮ ಖಾತೆಗೆ ಬಂದ ಹಣವನ್ನು ಪಕ್ಕದ ಮನೆಯವರ ಖರ್ಚಿನಲ್ಲಿ ಕಳೆಯುತ್ತೀರಾ? ಇಲ್ಲ ಅಲ್ವಾ? ಹಾಗೆಯೇ ಇವೆರಡನ್ನೂ ಒಂದರಲ್ಲೊಂದು ಕಳೆಯುವಂತಿಲ್ಲ. ಚಕ್ಕಡಿ ಕದಲುತ್ತದೋ ಇಲ್ಲವೋ ತಿಳಿಯಲು ಚಕ್ಕಡಿಯ ಮೇಲೆ ಬೀಳುವ ಬಲಗಳನ್ನಷ್ಟೇ ನೋಡಬೇಕು.

ಲೆಕ್ಕಕ್ಕೆ ಸುಮ್ನೆ ಹೀಗೆ ಇಟ್ಟುಕೊಳ್ಳೋಣ. ಚೀಲ ಸೇರಿ ಚಕ್ಕಡಿ 1000 ಕೆ.ಜಿ. ಎತ್ತುಗಳ ಎಳೆತ 600 ನ್ಯೂಟನ್ (ಬಲ ಅಳೆಯುವ ಮಾನಕ್ಕೂ ನ್ಯೂಟನ್ ಅಂತಲೇ ಹೆಸರು). ಗಾಲಿ, ಅಚ್ಚು, ನೆಲದ ತಡೆ 400. ಉಳಿದದ್ದು 200. ಅದನ್ನು 1000ದಿಂದ ಭಾಗಿಸಿದರೆ 0.2. ಅಂದರೆ ಪ್ರತಿ ಸೆಕೆಂಡಿಗೆ ವೇಗ ಸೆಕೆಂಡಿಗೆ 0.2 ಮೀಟರ್‌ನಷ್ಟು ಏರುತ್ತದೆ. ಇದೇ ಎರಡನೇ ನಿಯಮ. ಐದು ಸೆಕೆಂಡಿಗೆ ಚಕ್ಕಡಿ ನಡಿಗೆಯ ವೇಗಕ್ಕೆ ಬರುತ್ತದೆ. ಆಮೇಲೆ ಎತ್ತುಗಳು 400ರಷ್ಟು ಎಳೆದರೂ ಸಾಕು, ಅದೇ ವೇಗದಲ್ಲಿ ಸಾಗುತ್ತದೆ. ಎಳೆತ, ತಡೆ ಸಮವಾದರೆ ಓಡುವುದು ನಿಲ್ಲುವುದಿಲ್ಲ, ವೇಗ ಬದಲಾಗುವುದಿಲ್ಲ ಅಷ್ಟೇ. ಇದು ಮೊದಲ ನಿಯಮ. ಚಕ್ಕಡಿ ಎಬ್ಬಿಸುವಾಗ ಕೊರಳು ಬಗ್ಗಿಸಿ ಮುಂದಕ್ಕೆ ವಾಲುವ ಎತ್ತು ಹತ್ತು ಹೆಜ್ಜೆ ಆದಮೇಲೆ ಹಗುರಾಗಿ ನಡೆಯುವುದನ್ನು ನೀವು ನನಗಿಂತ ಜಾಸ್ತಿ ನೋಡಿದ್ದೀರಿ.

ಹಾಗಾದರೆ ನೊಗದಿಂದ 600 ಹಿಂದಕ್ಕೆ ಬಿದ್ದರೂ ಎತ್ತು ಮುಂದೆ ಹೇಗೆ ಹೋಗುತ್ತವೆ? ಇಲ್ಲಿ ನೆಲ ಬರುತ್ತದೆ. ನನ್ನ ಪ್ರಕಾರ ಮಕ್ಕಳು ಎಡವುವುದೇ ಇಲ್ಲಿ. ಲೆಕ್ಕದಲ್ಲಿ ನೆಲವನ್ನು ಬಿಟ್ಟುಬಿಡುತ್ತಾರೆ. ಎತ್ತು ಗೊರಸಿನಿಂದ ನೆಲವನ್ನು ಹಿಂದಕ್ಕೆ ಒದೆಯುತ್ತದೆ, ನೆಲ ಅಷ್ಟೇ ಬಲದಿಂದ ಎತ್ತನ್ನು ಮುಂದಕ್ಕೆ ತಳ್ಳುತ್ತದೆ. ಜೋಡಿ ಎತ್ತಿನ ತೂಕ 800 ಕೆ.ಜಿ. ಅಂದುಕೊಳ್ಳಿ. ನೆಲ 760 ನ್ಯೂಟನ್ ತಳ್ಳಿದರೆ, ನೊಗದ 600 ಕಳೆದು 160 ಉಳಿಯಿತು. 800ರಿಂದ ಭಾಗಿಸಿ. ಅದೇ 0.2! ಎತ್ತು, ಚಕ್ಕಡಿ ಎರಡೂ ಜೊತೆಗೇ ಸಾಗಬೇಕಲ್ಲ, ಹಾಗಾಗಿ ಲೆಕ್ಕ ಕೂಡಲೇಬೇಕು.

ಮಳೆ ಬಿದ್ದ ಎರೆಹೊಲದಲ್ಲಿ ಅದೇ ಎತ್ತು, ಅದೇ ಚಕ್ಕಡಿ ಸಿಕ್ಕಿಬೀಳುವುದೂ ಇದಕ್ಕೇ. ಗಾಲಿ ಹೂತು ತಡೆ ಏರುತ್ತದೆ. ಗೊರಸು ಜಾರಿ ನೆಲದಿಂದ ಸಿಗುವ ತಳ್ಳು ಇಳಿಯುತ್ತದೆ. ಎತ್ತಿನ ಶಕ್ತಿ ಎಲ್ಲೂ ಹೋಗಿಲ್ಲ, ಅದು ಆತುಕೊಳ್ಳಲು ನೆಲವೇ ಇಲ್ಲ.

ಮುಂದಿನ ಸಲ ಹಸಿ ಮಣ್ಣಿನಲ್ಲಿ ಬರುವಾಗ ಮಗಳಿಗೆ ಗೊರಸಿನ ಗುರುತು ತೋರಿಸಿ. ಹಿಂದಿನ ಅಂಚಿನಲ್ಲಿ ಮಣ್ಣು ಸಣ್ಣ ದಿಬ್ಬದಂತೆ ಒತ್ತಿ ಎದ್ದಿರುತ್ತದೆ. ಎತ್ತು ನೆಲವನ್ನು ಹಿಂದಕ್ಕೆ ತಳ್ಳಿದ ಗುರುತು ಅದು.